ತುರುಗಳು ಊರಿಗೆ ಮರಳಿದವಾ? ವೀರಗಲ್ಲಿನ ಮೂರನೇ ಸಾಲು, ಐದನೇ ವಾರ

ಐದು ವಾರದಿಂದ ಒಂದೇ ಸಾಲಿನ ಹಿಂದೆ ಬಿದ್ದಿದ್ದೇನೆ. ಹೊಸಕೋಟೆ ತಾಲ್ಲೂಕಿನ ಒಂದು ಕೆರೆ ಏರಿಯ ಪಕ್ಕ ನಿಂತಿರುವ ವೀರಗಲ್ಲು ಅದು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ. ಅದರ ಮೇಲಿನ ಬರಹದ ಮೂರನೇ ಸಾಲಿನಲ್ಲಿ ‘ತುಱುವಂ’ (ದನಗಳನ್ನು) ಅಂತ ಚೆನ್ನಾಗಿ ಕಾಣುತ್ತದೆ. ಆಮೇಲೆ ಕಲ್ಲು ಸವೆದಿದೆ. ಕೊನೆಗೆ ‘ಸತ್ತಂ’.

ಸವೆದ ಜಾಗದಲ್ಲಿ ‘ಮಗುೞ್ಚಿ’ ಇದ್ದರೆ, ಅವನು ದನಗಳನ್ನು ಮರಳಿ ತಂದು ಸತ್ತ. ‘ಕೊಳೆ ಕಾದಿ’ ಇದ್ದರೆ, ದನ ಹೊಡೆದುಕೊಂಡು ಹೋಗುವಾಗ ಕಾದಾಡಿ ಸತ್ತ, ಅಷ್ಟೇ. ಅವನ ಬಗ್ಗೆ ಉಳಿದಿರುವುದೇ ಈ ನಾಲ್ಕು ಮಾತು. ತಪ್ಪಾಗಿ ಓದಲು ಮನಸ್ಸು ಬರುವುದಿಲ್ಲ.

ಮೊದಲ ಎರಡು ವಾರ ಲೈಬ್ರರಿಯಲ್ಲೇ ಕಳೆದವು. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ, 1905ರದ್ದು, ಬೆಂಗಳೂರು ಜಿಲ್ಲೆಗೆ ಮೀಸಲು. ನಮ್ಮ ಸಾಲಿನ ಆ ಜಾಗಕ್ಕೆ ಅದರಲ್ಲೂ ಬರೀ ಚುಕ್ಕಿಗಳಿವೆ. ಹಾಗಾಗಿ ಸುತ್ತಮುತ್ತಲಿನ ತುರುಗೊಳ್ (ದನ ಹೊಡೆದುಕೊಂಡು ಹೋದ ಕಾಳಗದ) ಶಾಸನಗಳನ್ನೆಲ್ಲ ಒಂದೊಂದು ಚೀಟಿಗೆ ಬರೆದುಕೊಂಡೆ. ಎರಡೂ ಮಾತುಗಳು ಸಿಕ್ಕವು. ಆದರೆ ಚೀಟಿಗಳಿಂದ ಒಂದು ಅಪಾಯವೂ ಇದೆ. ‘ಮಗುೞ್ಚಿ’ ಅಂತ ಹತ್ತು ಸಲ ಬರೆದ ಮೇಲೆ ಕಲ್ಲಿನ ಪ್ರತಿ ಗೀರಿನಲ್ಲೂ ಅದೇ ಕಾಣಲು ಶುರುವಾಗುತ್ತದೆ.

ಮೂರನೇ ವಾರ ಕಲ್ಲಿನ ಹತ್ತಿರ ಹೋದೆ. ಊರಿನವರು ಇದಕ್ಕೆ ಪೂಜೆ ಮಾಡುತ್ತಾರೆ. ಪಕ್ಕದ ಮನೆಯ ಅಜ್ಜಿಯನ್ನು ಕೇಳಿಯೇ ಕೆಲಸಕ್ಕೆ ಕೈ ಹಾಕಿದೆ. ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ತಟ್ಟಿ, ಮಸಿ ಒತ್ತುವ ಹಳೆಯ ಪಡಿಯಚ್ಚು ಇಲ್ಲಿ ಬೇಡ ಅನ್ನಿಸಿತು. ಚಕ್ಕೆ ಏಳುತ್ತಿರುವ ಕಲ್ಲನ್ನು ತಟ್ಟಬಾರದು. ಮೈದಾ, ಸೀಮೆಸುಣ್ಣ ತಿಕ್ಕುವುದಂತೂ ದಯವಿಟ್ಟು ಬೇಡ. ನನ್ನದು ಬೆಳಕಿನ ದಾರಿ. ಆರ್‌ಟಿಐ ಅನ್ನುತ್ತಾರೆ, ಮಾಹಿತಿ ಹಕ್ಕಿನದಲ್ಲ, ಫೋಟೊದ್ದು: ಬೇರೆ ಬೇರೆ ಕಡೆಯಿಂದ ಬೆಳಕು ಬಿಟ್ಟು ತೆಗೆದ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಸೇರಿಸಿ, ಸವೆದ ಗೆರೆ ಕಾಣುವಂತೆ ಮಾಡುವುದು. ಇದರ ಮೂಲ ವಿಧಾನವನ್ನು ಹ್ಯೂಲೆಟ್ ಪ್ಯಾಕರ್ಡ್ ಲ್ಯಾಬ್‌ನ ಟಾಮ್ ಮಾಲ್ಜ್‌ಬೆಂಡರ್ ಮತ್ತು ಜೊತೆಗಾರರು 2001ರಲ್ಲಿ ಪ್ರಕಟಿಸಿದರು.

ಕ್ಯಾಮೆರಾ ಅಲುಗಾಡಬಾರದು, ಟಾರ್ಚ್ ಮಾತ್ರ ತಿರುಗಬೇಕು. ಕಲ್ಲಿನ ಪಕ್ಕ ದೊಡ್ಡ ಕಪ್ಪು ಗಾಜಿನ ಗೋಲಿ ಇಡುತ್ತೇನೆ. ಟಾರ್ಚಿನ ಹೊಳಪು ಗೋಲಿಯ ಮೇಲೆ ಎಲ್ಲಿ ಬಿತ್ತು ಅನ್ನುವುದರಿಂದ ಬೆಳಕು ಯಾವ ಕಡೆಯಿಂದ ಬಂತು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಟಾರ್ಚಿಗೆ 180 ಸೆಂಟಿಮೀಟರ್ ದಾರ ಕಟ್ಟಿದ್ದೇನೆ. ಪ್ರತಿ ಸಲ ದಾರ ಬಿಗಿಯಾಗಿ ಎಳೆದು ದೂರ ನೋಡಿಕೊಂಡು, ದಾರ ಸರಿಸಿ ಕ್ಲಿಕ್ ಮಾಡಬೇಕು. ಮೊದಲ ರಾತ್ರಿಯ 48 ಫೋಟೊ ಪೂರ್ತಿ ವ್ಯರ್ಥ. ಟ್ರೈಪಾಡಿನ ಒಂದು ಕಾಲು ಹಸಿ ಮಣ್ಣಿನಲ್ಲಿ ನಿಧಾನವಾಗಿ ಇಳಿದಿತ್ತು. ಮುಂದಿನ ಶನಿವಾರ ಕಾಲುಗಳ ಕೆಳಗೆ ಟೈಲ್ಸ್ ಚೂರು ಇಟ್ಟೆ, ಸರಿಹೋಯಿತು.

ಈಗ ಮನೆಯ ಮೇಜೇ ನನ್ನ ಪ್ರಯೋಗಾಲಯ. ಮೊದಲು ಅಳತೆ. ಸವೆದ ಜಾಗ 13 ಸೆಂಟಿಮೀಟರ್. ಅದೇ ಸಾಲಿನ ಅಕ್ಷರಗಳು 3.2ರಿಂದ 4.6 ಸೆಂಟಿಮೀಟರ್ ಅಗಲ. ‘ಮಗುೞ್ಚಿ’ಗೆ ಮೂರು ಅಕ್ಷರ, ‘ಕೊಳೆ ಕಾದಿ’ಗೆ ನಾಲ್ಕು. ಸ್ವಲ್ಪ ಬಿಡಿಸಿ ಕೆತ್ತಿದ್ದರೆ ಮೂರು ಹಿಡಿಸುತ್ತವೆ, ಒತ್ತೊತ್ತಾಗಿ ಕೆತ್ತಿದ್ದರೆ ನಾಲ್ಕೂ ಹಿಡಿಸುತ್ತವೆ. ಅಳತೆಯಿಂದ ತೀರ್ಮಾನ ಆಗಲಿಲ್ಲ.

ಆಮೇಲೆ ಮಾಡಿದ್ದು ನನಗೆ ತುಂಬ ಇಷ್ಟವಾದ ಕೆಲಸ. ಹಳಗನ್ನಡ ಲಿಪಿ ಓದಬಲ್ಲ ಗೆಳೆಯರೊಬ್ಬರಿಗೆ ಸವೆದ ಜಾಗದ ಚಿತ್ರ ಮಾತ್ರ ಕಳಿಸಿದೆ. ಯಾವ ಊರು, ಯಾವ ಶಾಸನ, ಏನೂ ಹೇಳಲಿಲ್ಲ. ‘ಓದಬೇಡಿ, ಕಂಡ ಗೆರೆಯನ್ನಷ್ಟೇ ಬರೆದು ಕಳಿಸಿ’ ಅಂದೆ. ನಾನೂ ಬೇರೆಯಾಗಿ ಬರೆದಿಟ್ಟೆ. ನನ್ನದರಲ್ಲಿ ಮೂರು ಅಕ್ಷರವೂ ಚಂದವಾಗಿ ಇದ್ದವು. ಅವರು ಕಳಿಸಿದ್ದರಲ್ಲಿ ಇದ್ದದ್ದು ಮೊದಲ ಜಾಗದಲ್ಲಿ ಒಂದು ದುಂಡು ಗೆರೆ, ಬಲಕ್ಕೆ ಮೇಲೆದ್ದ ಒಂದು ಕೊಂಕಿ. ಮಿಕ್ಕಿದ್ದೆಲ್ಲ ಖಾಲಿ. ಉಳಿದೆರಡು ಅಕ್ಷರ ನನ್ನ ಚೀಟಿಗಳಿಂದ ಬಂದವು, ಕಲ್ಲಿನಿಂದ ಅಲ್ಲ. ಅವನ್ನು ಅಳಿಸಿದೆ. ಇಬ್ಬರಿಗೂ ಗೆರೆ ಕಂಡ ಮೊದಲ ಜಾಗದ ‘ಮ’ ಒಂದನ್ನೇ, ಖಚಿತವಲ್ಲ ಅನ್ನುವ ಗುರುತಿಗೆ ಚೌಕ ಕಂಸದಲ್ಲಿ ಇಟ್ಟು, ಮುಂದಕ್ಕೆ ಚುಕ್ಕಿ ಹಾಕಿದ್ದೇನೆ.

ನಿನ್ನೆ ರಾತ್ರಿ ಇನ್ನೊಂದು ಹೊಳೆಯಿತು. ‘ೞ್ಚಿ’ ಆಗಿದ್ದರೆ ಸಾಲಿನ ಕೆಳಗೆ ‘ಚ’ ಒತ್ತು ಇರಲೇಬೇಕು, ಅಲ್ವಾ? ‘ಕೊಳೆ ಕಾದಿ’ಯಲ್ಲಿ ಒತ್ತೇ ಇಲ್ಲ. ಮೇಲಿನದು ಸವೆದರೂ ಕೆಳಗಿನ ಒತ್ತು ಉಳಿದಿರಬಹುದು. ಫೋಟೊಗಳನ್ನು ಮತ್ತೆ ತೆಗೆದು ನೋಡಿದೆ. ಸರಿಯಾಗಿ ಅದೇ ಜಾಗದಲ್ಲಿ ಎಣ್ಣೆ, ಕುಂಕುಮ ಗಟ್ಟಿಯಾಗಿ ಮೆತ್ತಿಕೊಂಡಿದೆ. ಅದನ್ನು ಕೆರೆಯುವುದು ನನ್ನ ಕೆಲಸವಲ್ಲ.

ಬೆಳಿಗ್ಗೆ ಅಜ್ಜಿಗೆ ಫೋನ್ ಮಾಡಿದೆ. ಅಮಾವಾಸ್ಯೆಗೆ ಬಿಸಿನೀರು ಹಾಕಿ ತೊಳೆದು ಹೊಸ ಎಣ್ಣೆ ಹಚ್ಚುತ್ತಾರಂತೆ. ‘ಎಣ್ಣೆ ಹಚ್ಚೋಕೆ ಮುಂಚೆ ಒಂದು ಗಂಟೆ ಕಾಯ್ತೀನಿ, ಕತ್ತಲಿರುವಾಗಲೇ ಬಾ’ ಅಂದರು. ಟಾರ್ಚಿನ ಬ್ಯಾಟರಿ ಚಾರ್ಜಿಗೆ ಹಾಕಿದ್ದೇನೆ.