ತವರುಮನೆಯ ಕ್ರಯಪತ್ರ

ಮೈಸೂರಿನ ಕುವೆಂಪುನಗರದಲ್ಲಿ ನಾನು ಹುಟ್ಟಿ ಬೆಳೆದ ಮನೆಯನ್ನು 2025ರ ಮೇ ತಿಂಗಳಲ್ಲಿ ಅಪ್ಪನಿಂದ 96 ಲಕ್ಷ ರೂಪಾಯಿಗೆ ಕ್ರಯಕ್ಕೆ ಪಡೆದೆ. ತವರುಮನೆಯನ್ನು ಮಗಳು ಹಣ ಕೊಟ್ಟು ಕೊಳ್ಳುವುದುಂಟೇ ಎಂದು ನೆಂಟರಲ್ಲಿ ಹಲವರು ಕೇಳಿದರು. ಅವರಿಗೆ ನಿಂತ ನಿಲುವಿನಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದು ಊರಿನ ಬಡಾವಣೆಗಳಲ್ಲಿ ನಿವೇಶನ ಹಂಚುತ್ತಿದ್ದ ಟ್ರಸ್ಟ್ ಬೋರ್ಡ್ ಕೊಟ್ಟ, ಮೂವತ್ತು ನಲವತ್ತು ಅಡಿಯ ಸೈಟು. 1978ರಲ್ಲಿ ಮಂಜೂರಾದಾಗ ಅಪ್ಪ ಹೈಸ್ಕೂಲಿನಲ್ಲಿ ಮೇಷ್ಟರು. ಮೊದಲು ಗುತ್ತಿಗೆಗೆ ಕೊಟ್ಟು ಆಮೇಲೆ ಕ್ರಯ ಮಾಡಿಕೊಡುವ ಹತ್ತು ವರ್ಷದ ಲೀಸ್ ಕಂ ಸೇಲ್ ಅವಧಿ ಮುಗಿಯುವ ಹೊತ್ತಿಗೆ ಟ್ರಸ್ಟ್ ಬೋರ್ಡ್ ಹೋಗಿ 1988ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ ಬಂದಿತ್ತು. ಹೀಗಾಗಿ ಮಂಜೂರಾತಿ ಪತ್ರ ಒಂದು ಸಂಸ್ಥೆಯದು, ಕ್ರಯಪತ್ರ ಇನ್ನೊಂದರದು. ಮಂಡ್ಯದಲ್ಲಿರುವ ಅಕ್ಕ, ಧಾರವಾಡದಲ್ಲಿರುವ ತಮ್ಮ ಇಬ್ಬರಿಗೂ ಊರಿಗೆ ಮರಳುವ ಯೋಚನೆಯಿಲ್ಲ. ಎಂಬತ್ತು ದಾಟಿದ ಅಪ್ಪ ಅಮ್ಮನ ಜೊತೆ ಇರಬೇಕೆಂದು ನಾನೂ ನಮ್ಮ ಯಜಮಾನರೂ ನಿಶ್ಚಯಿಸಿದಾಗ, ಅಪ್ಪ ಮನೆಯನ್ನು ನನ್ನ ಹೆಸರಿಗೆ ದಾನಪತ್ರ ಮಾಡಿಕೊಡುವುದಾಗಿ ಹೇಳಿದರು.

ಲೆಕ್ಕ ನೋಡಿದರೆ ಅಪ್ಪನ ಮಾತೇ ಸರಿ. ಮಕ್ಕಳಿಗೆ ಮಾಡುವ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕೆಲವೇ ಸಾವಿರ ರೂಪಾಯಿ. ಕ್ರಯಪತ್ರಕ್ಕಾದರೆ 45 ಲಕ್ಷ ಮೀರಿದ ಸ್ವತ್ತಿಗೆ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.6, ಜೊತೆಗೆ ಆಗ ಇದ್ದ ಶೇ 1ರ ನೋಂದಣಿ ಶುಲ್ಕ (ಅದೇ ವರ್ಷ ಆಗಸ್ಟ್ 31ರಿಂದ ಇದು ಶೇ 2 ಆಯಿತು). ಒಟ್ಟು 6,33,600 ರೂಪಾಯಿ. "ಅಷ್ಟು ದುಡ್ಡು ಸರ್ಕಾರಕ್ಕೆ ಕಟ್ಟಿ, ಮೇಲೆ ನಿನ್ನ ಕೈಯಿಂದ ನಾನು ದುಡ್ಡು ಇಸ್ಕೊಳ್ಳೋದೇನಮ್ಮಾ?" ಎಂದು ಅಪ್ಪ ನೊಂದುಕೊಂಡರು.

ಆದರೂ ನಾನು ಒಪ್ಪಲಿಲ್ಲ. ಮನೆ ಅಪ್ಪನ ಸ್ವಯಾರ್ಜಿತವಾದ್ದರಿಂದ ಯಾರಿಗೆ ಬೇಕಾದರೂ ಕೊಡುವ ಹಕ್ಕು ಅವರಿಗಿತ್ತು. ಅಕ್ಕನಾಗಲಿ ತಮ್ಮನಾಗಲಿ ಕಾನೂನಿನ ಪ್ರಕಾರ ಚಕಾರ ಎತ್ತುವಂತಿರಲಿಲ್ಲ. ಆದರೆ ಅಪ್ಪ ಜೀವಮಾನವಿಡೀ ದುಡಿದು ಉಳಿಸಿದ ಆಸ್ತಿ ಅದೊಂದೇ ಆಗಿರುವಾಗ, ಅದನ್ನು ಒಬ್ಬಳಿಗೇ ಕೊಟ್ಟು ಉಳಿದಿಬ್ಬರಿಗೆ "ನಿಮ್ಮ ಪಾಲನ್ನು ಮುಂದೆ ಅವಳೇ ನೋಡಿಕೊಳ್ಳುತ್ತಾಳೆ" ಎಂದು ಬಾಯಿಮಾತಿನಲ್ಲಿ ಹೇಳಿದರೆ, ಆ ಮಾತು ಅಪ್ಪ ಅಮ್ಮ ಎದುರಿಗಿರುವವರೆಗೆ ಮಾತ್ರ ಗಟ್ಟಿಯಾಗಿರುತ್ತದೆ ಎಂಬುದನ್ನು ನಮ್ಮ ಬೀದಿಯಲ್ಲೇ ಎರಡು ಮನೆಗಳಲ್ಲಿ ಕಂಡಿದ್ದೇನೆ. ಎಲ್ಲಕ್ಕಿಂತ ಹೆಚ್ಚಾಗಿ, ಈ ವಯಸ್ಸಿನಲ್ಲಿ ಔಷಧಿಗೋ ಆಸ್ಪತ್ರೆಗೋ ಅಪ್ಪ ಯಾವ ಮಗುವಿನ ಮುಖವನ್ನೂ ನೋಡದೆ ತಮ್ಮ ಖಾತೆಯಿಂದಲೇ ಹಣ ತೆಗೆಯುವಂತಿರಬೇಕೆಂಬುದು ನನ್ನ ಆಸೆಯಾಗಿತ್ತು. ಕೊನೆಗೆ ಅಮ್ಮ, "ಅವಳು ಕೊಡ್ತೀನಿ ಅಂದರೆ ಇಸ್ಕೊಳ್ಳಿ, ಮೂರು ಮಕ್ಕಳಿಗೂ ಸಮಾಧಾನ ಆಗುತ್ತೆ" ಎಂದ ಮೇಲೆ ಅಪ್ಪ ತಲೆಯಾಡಿಸಿದರು.

ಒಪ್ಪಿದ ಮೇಲೆ ನಮ್ಮದು ತಲೆಕೆಳಗಾದ ಚೌಕಾಸಿ: ಅಪ್ಪ 70 ಲಕ್ಷ ಸಾಕೆನ್ನುತ್ತಿದ್ದರು, ನಾನು ಏರಿಸುತ್ತಿದ್ದೆ. ಬ್ಯಾಂಕಿನ ಮೌಲ್ಯಮಾಪಕರ ವರದಿಯನ್ನು ಮೂವರು ಮಕ್ಕಳೂ ಓದಿ, ಅದರ ಮೊತ್ತವನ್ನೇ ಬೆಲೆಯೆಂದು ಒಪ್ಪಿದೆವು.

ಹೊರಗಿನವರಿಂದ ಕೊಳ್ಳುವಾಗ ನೋಡುವಷ್ಟೇ ಕಟ್ಟುನಿಟ್ಟಾಗಿ ಈ ಮನೆಯನ್ನೂ ನೋಡಿಸಬೇಕೆಂದು ಎಂಜಿನಿಯರರನ್ನು ಕರೆಸಿದ್ದೆ. ಬಚ್ಚಲುಮನೆಯ ಸೂರಿಗೆ ಅವರು ಸಣ್ಣ ಸುತ್ತಿಗೆಯಿಂದ ಬಡಿಯುತ್ತಾ ಹೋದಾಗ ಒಂದು ಕಡೆ ಖಣಖಣ ಎನ್ನುತ್ತಿದ್ದ ಸದ್ದು ಮೂಲೆಯಲ್ಲಿ ಬೊಳ್ಳೆಂದಿತು. ಇನ್ನೆರಡು ಏಟಿಗೆ ಅಂಗೈಯಗಲದ ಗಾರೆ ಕಳಚಿ ಬಿದ್ದು, ತುಕ್ಕು ಹಿಡಿದು ಪದರಪದರವಾಗಿ ಉಬ್ಬಿದ್ದ ಕಂಬಿ ಕಾಣಿಸಿತು. ಅಪ್ಪನ ಮುಖ ಬಾಡಿತು. ಆದರೆ ಸ್ವಲ್ಪ ಹೊತ್ತಿನಲ್ಲೇ ಅವರೇ ಮುಂದಾಗಿ, ತಾರಸಿಯಲ್ಲಿ ಮಳೆನೀರು ನಿಲ್ಲುವ ಜಾಗ, ನಡುಮನೆಯಲ್ಲಿ ಅರ್ತಿಂಗ್ ಇಲ್ಲದ ಹಳೆಯ ವೈರಿಂಗ್, ಸಂಪಿನಿಂದ ಅಡುಗೆಮನೆಗೆ ಬರುವ ತುಕ್ಕು ಹಿಡಿದ ಕಬ್ಬಿಣದ ಪೈಪು, ಎಲ್ಲವನ್ನೂ ಒಂದೊಂದಾಗಿ ಎಂಜಿನಿಯರರಿಗೆ ತೋರಿಸಿದರು. ಕಾವಿ ನೆಲ ಮಾತ್ರ ಒಂದು ಬಿರುಕೂ ಇಲ್ಲದೆ ಹೊಳೆಯುತ್ತಿತ್ತು.

ನಿಜವಾದ ತೊಡಕು, ಸ್ವತ್ತಿನ ಮೇಲೆ ನೋಂದಣಿಯಾದ ಕ್ರಯ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರದಲ್ಲಿತ್ತು. 2004ರಿಂದ ಈಚಿನದು ಆನ್‌ಲೈನಿನಲ್ಲಿ ಸಿಕ್ಕಿತು. ಅದಕ್ಕೆ ಹಿಂದಿನದನ್ನು ನೋಂದಣಿ ಕಚೇರಿಯ ಹಳೆಯ ಪುಸ್ತಕಗಳಲ್ಲಿ ಹುಡುಕಿಸಿ ತೆಗೆಸಬೇಕಾಯಿತು. ಹಾಗೆ ಬಂದ ಹಾಳೆಯಲ್ಲಿ, ಮನೆ ಕಟ್ಟಲು ಅಪ್ಪ 1979ರಲ್ಲಿ ಮಾಡಿದ್ದ ಸಾಲದ ಅಡಮಾನ ಹಾಗೆಯೇ ಉಳಿದಿತ್ತು. ಕೊನೆಯ ಕಂತು 1996ರಲ್ಲೇ ಸಂದಿದ್ದರೂ ಸಾಲ ಕೊಟ್ಟ ಸಂಸ್ಥೆ ತೀರುವಳಿ ಪತ್ರವನ್ನು ನೋಂದಾಯಿಸಿರಲಿಲ್ಲ. ನಮ್ಮಲ್ಲಿ ದಾಖಲೆಯೇ ಇಲ್ಲವೆಂದು ಅಲ್ಲಿ ಹೇಳಿಬಿಟ್ಟರು. ಆಗ ಅಪ್ಪ ಗಾಡ್ರೇಜ್ ಬೀರುವಿನಿಂದ ಖಾಕಿ ಲಕೋಟೆಯೊಂದನ್ನು ತೆಗೆದರು. ಹದಿನೇಳು ವರ್ಷದ ಕಂತಿನ ರಸೀದಿಗಳು ವರ್ಷಕ್ಕೊಂದು ಕಟ್ಟಿನಂತೆ, ಮೂಲೆಯಲ್ಲಿ ದಾರ ಪೋಣಿಸಿಕೊಂಡು ಅದರೊಳಗಿದ್ದವು. ಅವುಗಳ ನಕಲು ಒಪ್ಪಿಸಿ, ಮೂರು ವಾರ ಅಲೆದು ತೀರುವಳಿ ಪತ್ರ ಪಡೆದೆವು. ಅಪ್ಪ ಅಮ್ಮ ಗಟ್ಟಿಯಾಗಿರುವಾಗಲೇ ಹಳೆಯ ಋಣಭಾರ ಪತ್ರ ತೆಗೆಸಿ ನೋಡಿರೆಂದು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ಯಾವ ಲಕೋಟೆ ಎಲ್ಲಿದೆಯೆಂದು ಬಲ್ಲವರು ಅವರೊಬ್ಬರೇ.

ಉಳಿದದ್ದು ಸಲೀಸು. ಸ್ವತ್ತಿನ ಡಿಜಿಟಲ್ ದಾಖಲೆಯಾದ ಇ-ಖಾತೆ ಇಲ್ಲದೆ ನೋಂದಣಿಯಾಗುವುದಿಲ್ಲ, ಅದನ್ನು ಮೊದಲೇ ಮಾಡಿಸಿದ್ದೆವು. 60 ಲಕ್ಷ ಬ್ಯಾಂಕ್ ಸಾಲ, ಉಳಿದದ್ದು ನಮ್ಮ ಉಳಿತಾಯ; ಎಲ್ಲವೂ ಅಪ್ಪನ ಖಾತೆಗೇ ಹೋಯಿತು. ಬೆಲೆ 50 ಲಕ್ಷ ಮೀರಿದ್ದರಿಂದ ಶೇ 1ರಂತೆ 96,000 ರೂಪಾಯಿಯನ್ನು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಎಂದು ಮುರಿದು ಅಪ್ಪನ ಪ್ಯಾನ್‌ಗೆ ಕಟ್ಟಿದೆ. ಅಪ್ಪನ ಬಂಡವಾಳ ಲಾಭದ ತೆರಿಗೆಯನ್ನು ಆಡಿಟರು 2001ರ ಏಪ್ರಿಲ್ 1ರ ಮೌಲ್ಯದ ಮೇಲೆ ಲೆಕ್ಕ ಹಾಕಿಕೊಟ್ಟರು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರಿಗೆ ಮಿತಿ 30 ಲಕ್ಷ. ಅಪ್ಪ ಅಷ್ಟನ್ನೂ ಅದರಲ್ಲಿಟ್ಟು, ಅಕ್ಕನಿಗೂ ತಮ್ಮನಿಗೂ ತಮಗೆ ತೋಚಿದಷ್ಟು ಕೊಟ್ಟರು. ಎಷ್ಟೆಂದು ನಾನು ಕೇಳಿಲ್ಲ.

ನೋಂದಣಿಯ ದಿನ ಅಪ್ಪ ಬರೆದುಕೊಡುವವರ ಕಡೆ, ನಾನು ಬರೆಸಿಕೊಳ್ಳುವವರ ಕಡೆ. ಅಗತ್ಯವಿಲ್ಲದಿದ್ದರೂ ಅಕ್ಕನೂ ತಮ್ಮನೂ ಬಂದು ಸಮ್ಮತಿ ಸಾಕ್ಷಿಗಳಾಗಿ ರುಜು ಹಾಕಿದರು. ಪತ್ರ ಬರಹಗಾರರು ವಾಡಿಕೆಯಂತೆ "ಪುತ್ರ ಪೌತ್ರ ಪಾರಂಪರ್ಯವಾಗಿ" ಎಂದು ಬರೆದಿದ್ದನ್ನು ಅಪ್ಪ ಹಿಂದಿನ ದಿನವೇ ಕರಡಿನಲ್ಲಿ ಗುರುತಿಸಿ, "ಮಕ್ಕಳು ಮೊಮ್ಮಕ್ಕಳು" ಎಂದು ತಿದ್ದಿಸಿದ್ದರು. ಚೆಕ್ಕುಬಂದಿಯನ್ನೂ ಅವರೇ ಪರಿಶೀಲಿಸಿದ್ದರು. ಹಳೆಯ ಪತ್ರದಲ್ಲಿ ಉತ್ತರಕ್ಕೆ ಖಾಲಿ ನಿವೇಶನ ಎಂದಿದ್ದ ಕಡೆ ಈಗ ಮೂರಂತಸ್ತಿನ ಮನೆಯಿದೆ.

ಮಳೆಗಾಲ ಜೋರಾಗುವ ಮೊದಲೇ ಬಚ್ಚಲುಮನೆಯ ಸೂರನ್ನು ಸರಿಪಡಿಸಿ, ತಾರಸಿಗೆ ಹೊಸ ಗಾರೆ ಹಾಕಿಸಿದೆವು. ಅದಕ್ಕೆ ದಿನಕ್ಕೆರಡು ಹೊತ್ತು ನೀರುಣಿಸಲು ಆಳನ್ನು ಗೊತ್ತು ಮಾಡಿದ್ದೆ. ಅಪ್ಪ ಅವನನ್ನು ವಾಪಸು ಕಳಿಸಿ, ಹತ್ತು ದಿನವೂ ಬೆಳಿಗ್ಗೆ ಸಂಜೆ ಪೈಪು ಹಿಡಿದು ತಾವೇ ಮೆಟ್ಟಿಲು ಹತ್ತಿದರು.