ಐದು ತೋಳು, ಒಂದು ಲೇಬಲ್

ಗೈಡ್‌ಲೈನ್ ಬರೆದವರು ಫೋಟೋ ನೋಡಿದ್ದಾರಾ ಅಂತ ಮೊದಲೇ ಕೇಳಿ. ಆನೋಟೇಶನ್, ಅಂದರೆ ಫೋಟೋದಲ್ಲಿ ಕಂಡದ್ದಕ್ಕೆ ಬಾಕ್ಸ್ ಹಾಕಿ ಹೆಸರು ಕೊಡುವ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಹೇಳುವುದು ಇಷ್ಟೇ.

ನಾನು ಕೂರುವುದು ತೀರ್ಥಹಳ್ಳಿಯಲ್ಲಿ, ಮನೆಯ ಜಗಲಿಯಲ್ಲಿ. ನೋಡುವುದು ಆಳ ಸಮುದ್ರದ ತಳದ ಫೋಟೋ. ಈ ಸಲದ ಬ್ಯಾಚ್ ಪೂರ್ತಿ ಬ್ರಿಟಲ್ ಸ್ಟಾರ್. ನಕ್ಷತ್ರ ಮೀನಿನ ನೆಂಟರು. ನಡುವೆ ಪುಟ್ಟ ಡಿಸ್ಕ್, ಸುತ್ತ ಸಪೂರ ಐದು ತೋಳು. 2000ಕ್ಕೂ ಜಾಸ್ತಿ ಜಾತಿಗಳಿವೆ. ತುಂಗೆಯಲ್ಲಿ ಹುಡುಕಿದರೆ ಒಂದೂ ಸಿಗದು, ಎಲ್ಲಾ ಸಮುದ್ರದವೇ.

ಟೂಲ್‌ನ ಆಟೋ ಡಿಟೆಕ್ಟ್ ತೋಳಿಗೊಂದು ಬಾಕ್ಸ್ ಹಾಕಿ ಒಂದು ಪ್ರಾಣಿಯನ್ನು ಐದು ಮಾಡುತ್ತಿತ್ತು. ಅದಕ್ಕೆ ಲೀಡ್ ಮೇಡಂ ರೂಲ್ ತಂದರು: ಡಿಸ್ಕ್ ಕಂಡರೆ ಮಾತ್ರ ಲೇಬಲ್. ಕೆಸರಿನ ಮೇಲೆ ಬಿದ್ದುಕೊಂಡಿರುವ ಜಾತಿಗಳಿಗೆ ಸರಿ. ಆದರೆ ಕೆಲವು ಡಿಸ್ಕನ್ನು ಕೆಸರಲ್ಲಿ ಹೂತುಕೊಂಡು ತೋಳಿನ ತುದಿ ಮಾತ್ರ ಹೊರಗೆ ಚಾಚುತ್ತವೆ. ಬಿಸಿಲು ತಲುಪದ ಜಾಗ. ಊಟ ಅಂದರೆ ಬಹುಪಾಲು ಮೇಲಿಂದ ಉದುರುವ ಚೂರುಪಾರು. ನೀರಲ್ಲಿ ತೇಲಿ ಬಂದದ್ದನ್ನು ಆ ತೋಳು ಹಿಡಿಯಬೇಕು.

ಸಬ್‌ಮಿಶನ್ ಸಂಜೆ ಆರಕ್ಕೆ. ಐದೂವರೆಗೆ ಕ್ಯೂಸಿಯಿಂದ, ಅಂದರೆ ನಮ್ಮ ಕೆಲಸ ತಪಾಸಣೆ ಮಾಡುವವರಿಂದ, ಬ್ಯಾಚ್ ವಾಪಸ್. ಝೂಮ್ ಮಾಡಿದೆ. ಅಳತೆಗೆಂದು ಕ್ಯಾಮೆರಾ ಜೊತೆ ಬಿಡುವ ಎರಡು ಲೇಸರ್ ಚುಕ್ಕೆಗಳ ನಡುವೆ ದಾರದಂಥ ಮೂರು ತುದಿ, ಮೂರೂ ಒಂದೇ ಕಡೆ ಬಾಗಿವೆ, ಅಂಚಲ್ಲಿ ಸಣ್ಣ ಮುಳ್ಳು. ಪಕ್ಕದಲ್ಲಿ ಕ್ಯೂಸಿಯವರ ಷರಾ: ‘ಹುಲ್ಲು? ಡಿಲೀಟ್.’ ಕಗ್ಗತ್ತಲಲ್ಲಿ ಹುಲ್ಲು ಎಲ್ಲಿಂದ ಬರಬೇಕು ಮಾರಾಯ್ರೆ!

ಅಷ್ಟರಲ್ಲಿ ಕರೆಂಟ್ ಹೋಯ್ತು. ಹೊರಗೆ ಜಡಿಮಳೆ, ಒಳಗೆ ಯುಪಿಎಸ್ ಕುಂಯ್ ಕುಂಯ್. ಮೊಬೈಲ್‌ಗೆ ಸಿಗ್ನಲ್ ಸಿಗುವುದು ಕೊಟ್ಟಿಗೆಯ ಮೂಲೆಯಲ್ಲಿ. ಲ್ಯಾಪ್‌ಟಾಪ್ ಹೊತ್ತು ಅಲ್ಲಿಗೆ ಓಡಿದೆ. "ಈಗ ಡಿಲೀಟ್ ಮಾಡಿ ಕಳಿಸಿ, ಆಮೇಲೆ ನೋಡೋಣ" ಅಂದರು ಮೇಡಂ. ಈ ‘ಆಮೇಲೆ’ ಬಂದಿದ್ದನ್ನು ನಾನಂತೂ ಕಂಡಿಲ್ಲ. ಅಳಿಸಿದರೆ ಜೀವ ತುಂಬಿದ ಕೆಸರು ಶೀಟ್‌ನಲ್ಲಿ ಖಾಲಿ. ಹಿಂದೂ ಮಹಾಸಾಗರದ ನಡುವೆ, ತಳದಲ್ಲಿ ಬಿದ್ದಿರುವ ಲೋಹದ ಗಂಟುಗಳ ಶೋಧಕ್ಕೆ ಅಂತ ಭಾರತಕ್ಕೇ 75,000 ಚದರ ಕಿಲೋಮೀಟರ್ ಜಾಗ ಸಿಕ್ಕಿದೆ. ಅಂಥ ಕಡೆ ಗಣಿಗಾರಿಕೆಗೆ ಮೊದಲು ಎಣಿಸಬೇಕಾದದ್ದು ಇಂಥವನ್ನೇ ಅಲ್ವಾ?

"ಉದುರಿದ ತೋಳಾಗಿದ್ದರೆ?" ಅಂದರು ಕ್ಯೂಸಿಯವರು. ಪ್ರಶ್ನೆ ಚೆನ್ನಾಗಿತ್ತು. ಬೇಟೆಗಾರ ಹಿಡಿದರೆ ಇವು ತೋಳು ಕಳಚಿ ಓಡುತ್ತವೆ, ಆಮೇಲೆ ಬೆಳೆಸಿಕೊಳ್ಳುತ್ತವೆ. ಆದರೆ ಕಳಚಿದ ತೋಳು ಮಲಗಿರುತ್ತದೆ, ನೆಟ್ಟಗೆ ನಿಂತು ನೀರಿಗೆ ಬಾಗಿರುವುದಿಲ್ಲ. ಸಾಗರ ಪೇಟೆಯಲ್ಲಿರುವ ಸಹೋದ್ಯೋಗಿ ಎರಡೂ ಥರದ ಫೋಟೋ ಅಕ್ಕಪಕ್ಕ ಇಟ್ಟು ಗ್ರೂಪ್‌ಗೆ ಹಾಕಿದ. ನನ್ನ ಉದ್ದ ವಾದಕ್ಕಿಂತ ಆ ಒಂದು ಸ್ಕ್ರೀನ್‌ಶಾಟ್ ಕೆಲಸ ಮಾಡಿತು. ಗುಂಪಾಗಿ ನಿಂತ ತುದಿಗಳಿಗೆ ‘ತೋಳು ಮಾತ್ರ’ ಅಂತ ಒಂದೇ ಲೇಬಲ್ ಅಂತಾಯಿತು. ಬ್ಯಾಚ್ ತಡವಾಗಿ ಹೋಯಿತು, ಡಿಲೇ ನನ್ನ ಹೆಸರಿಗೇ ಬಿತ್ತು.

ಡ್ರಾಪ್‌ಡೌನ್‌ಗೆ ಆ ಲೇಬಲ್ ಇನ್ನೂ ಬಂದಿಲ್ಲ. ‘ಇತರೆ’ ಒತ್ತಿ, ಪ್ರತಿ ಸಲ ಕೈಯಲ್ಲೇ ಟೈಪ್ ಮಾಡುತ್ತಿದ್ದೇವೆ.