ನಾಲ್ಕು ಚೀಟಿ, ಒಂದೇ ಮೈ

ಸಕ್ಕರೆ ಕಾಯಿಲೆ ಬಂದು 12 ವರ್ಷ, ಬಿಪಿ ಬಂದು 8 ವರ್ಷ, ಹೋದ ವರ್ಷ ಹೃದಯಕ್ಕೊಂದು ಸ್ಟೆಂಟ್, ಈಗೀಗ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ) ಮೇಲೇರುತ್ತಿದೆ. ಮಂಡಿನೋವು ಬೇರೆ. ಕರ್ನಾಟಕದ ಯಾವ ಊರಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಅವರ ಪ್ಲಾಸ್ಟಿಕ್ ಕವರ್ ಬಿಚ್ಚಿದರೆ ಊರಿನ ಡಾಕ್ಟರದೊಂದು ಚೀಟಿ, ಹೃದಯದ ಡಾಕ್ಟರದೊಂದು, ಕಿಡ್ನಿ ಡಾಕ್ಟರದೊಂದು, ಮೂಳೆ ಡಾಕ್ಟರದೊಂದು. ಬಿಡಿಬಿಡಿಯಾಗಿ ಓದಿದರೆ ಯಾವ ಚೀಟಿಯಲ್ಲೂ ತಪ್ಪಿಲ್ಲ. ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಹರಡಿದಾಗಲೇ ತೊಂದರೆ ಕಣ್ಣಿಗೆ ಬೀಳುವುದು.

ಹೃದಯದ ಚೀಟಿಯಲ್ಲಿ ಟೆಲ್ಮಿಸಾರ್ಟಾನ್ ಇದೆ, ಊರಿನ ಚೀಟಿಯಲ್ಲಿ ಲೋಸಾರ್ಟಾನ್. ಎರಡೂ ಒಂದೇ ಗುಂಪಿನ ಬಿಪಿ ಮಾತ್ರೆಗಳು. ಜೊತೆಯಾಗಿ ನುಂಗಿದರೆ ಹೆಚ್ಚಿನ ಲಾಭವಿಲ್ಲ, ಪೊಟ್ಯಾಸಿಯಂ ಏರುವ ಅಪಾಯ ಮಾತ್ರ ಉಂಟು. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಮತ್ತು ಆಸ್ಪಿರಿನ್ ಎರಡೂ ಸೇರಿದ ಕ್ಯಾಪ್ಸೂಲ್ ಕೊಟ್ಟಿದ್ದಾರೆ. ಹಳೆಯ 75 ಮಿಲಿಗ್ರಾಂ ಆಸ್ಪಿರಿನ್ ಮಾತ್ರೆ ಬಿಡಿ ಎಂದು ಯಾರೂ ಹೇಳದ ಕಾರಣ ಅದೂ ನಡೆಯುತ್ತಲೇ ಇದೆ. ಗ್ಲಿಮೆಪಿರೈಡ್ ಜೊತೆ ಮೆಟ್‌ಫಾರ್ಮಿನ್ ಸೇರಿರುವ ಸಕ್ಕರೆ ಮಾತ್ರೆ ಒಂದು ಚೀಟಿಯಲ್ಲಿ, ಬಿಡಿ ಮೆಟ್‌ಫಾರ್ಮಿನ್ ಇನ್ನೊಂದರಲ್ಲಿ. ಬ್ರ್ಯಾಂಡ್ ಹೆಸರು ಬೇರೆ, ಸ್ಟ್ರಿಪ್ಪಿನ ಬಣ್ಣ ಬೇರೆ. ಮನೆಯವರಿಗೆ ಅವು ಒಂದೇ ಔಷಧಿ ಎಂದು ಗೊತ್ತಾಗುವುದಾದರೂ ಹೇಗೆ?

ಇವೆಲ್ಲದರಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ನೋವಿನ ಮಾತ್ರೆ. ಮೂತ್ರಪಿಂಡದ ಒಳಗಿನ ಸಣ್ಣ ಸೋಸುಗಂಟಿಗೆ ರಕ್ತ ಒಂದು ನಾಳದಿಂದ ಬಂದು ಇನ್ನೊಂದರಿಂದ ಹೊರಡುತ್ತದೆ. ಟೆಲ್ಮಿಸಾರ್ಟಾನ್ ಥರದವು ಹೊರಡುವ ನಾಳವನ್ನು ಅಗಲಿಸಿ ಒಳಗಿನ ಒತ್ತಡ ಇಳಿಸುತ್ತವೆ. ಅದೇ ಅವುಗಳ ಉಪಕಾರ. ಮೂತ್ರ ಹೆಚ್ಚಿಸುವ ಮಾತ್ರೆ ಮೈಯ ನೀರು ಕಡಿಮೆ ಮಾಡುತ್ತದೆ. ಇವೆರಡರ ಮೇಲೆ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಬಂದರೆ, ರಕ್ತ ಒಳಗೆ ಬರುವ ನಾಳವೂ ಬಿಗಿಯುತ್ತದೆ. ಒಳಗೆ ಬರುವುದು ಕಡಿಮೆ, ಹೊರಗೆ ಹೋಗಲು ದಾರಿ ಅಗಲ: ಸೋಸುವ ಒತ್ತಡ ಕುಸಿದು ಕೆಲವೇ ದಿನಗಳಲ್ಲಿ ಕ್ರಿಯಾಟಿನಿನ್ ಜಿಗಿಯಬಹುದು. ಬೇಸಿಗೆಯ ಬೇಧಿಯೋ ವಾಂತಿಯೋ ಜೊತೆಗೂಡಿದರೆ ಇನ್ನೂ ಬೇಗ. ಮೂಳೆ ಡಾಕ್ಟರ ಮುಂದೆ ಉಳಿದ ಮೂರು ಚೀಟಿ ಇದ್ದಿದ್ದರೆ ಪ್ಯಾರಾಸಿಟಮಾಲ್, ಹಚ್ಚುವ ಜೆಲ್, ವ್ಯಾಯಾಮ ಎಂದು ಬೇರೆ ದಾರಿ ಹಿಡಿಯುತ್ತಿದ್ದರು. ಬಹಳ ಸಲ ಆ ಮಾತ್ರೆ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆಯೇ ಬಂದಿರುತ್ತದೆ. ಹಾಗಾಗಿ ರೋಗಿಯನ್ನು ಕೇಳುವಾಗ ‘ಡಾಕ್ಟರು ಏನು ಬರೆದಿದ್ದಾರೆ’ ಎಂಬುದಕ್ಕಿಂತ ‘ಈ ವಾರ ಏನೇನು ನುಂಗಿದಿರಿ’ ಎಂಬ ಪ್ರಶ್ನೆ ಒಳ್ಳೆಯದು.

ಎಲ್ಲ ಚೀಟಿಗಳನ್ನೂ ಒಟ್ಟಾಗಿ ನೋಡುವ ಒಬ್ಬ ಡಾಕ್ಟರು ಮನೆಯ ಹತ್ತಿರವೇ ಇರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ನಮ್ಮ ಕ್ಲಿನಿಕ್‌ನವರು, ಬಹಳ ವರ್ಷದ ಫ್ಯಾಮಿಲಿ ಡಾಕ್ಟರು, ಯಾರಾದರೂ ಸರಿ. ತಜ್ಞರು ಎಷ್ಟೇ ದೊಡ್ಡವರಿರಲಿ, ಆರು ತಿಂಗಳಿಗೊಮ್ಮೆ ಹತ್ತು ನಿಮಿಷ ನೋಡುವವರಿಗೆ ಈ ಕೆಲಸ ಆಗದು. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 3 ತಿಂಗಳಿಗೊಮ್ಮೆ (ಹತೋಟಿಯಲ್ಲಿದ್ದರೆ 6 ತಿಂಗಳಿಗೊಮ್ಮೆ), ಪ್ರತಿ ಭೇಟಿಯಲ್ಲೂ ಬಿಪಿ, ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್, ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಲೆಕ್ಕ), ಮೂತ್ರದ ಎಸಿಆರ್ (ಮೂತ್ರಕ್ಕೆ ಸೋರುವ ಪ್ರೋಟೀನಿನ ಅಳತೆ) ಮತ್ತು ಕೊಬ್ಬಿನ ಪರೀಕ್ಷೆ, ಪಾದಕ್ಕೆ 10 ಗ್ರಾಂ ಮೊನೊಫಿಲಮೆಂಟ್ ಎಂಬ ನೈಲಾನ್ ಎಳೆ ಒತ್ತಿ ಸ್ಪರ್ಶ ನೋಡುವುದು: ಇಷ್ಟನ್ನೂ ಊರಲ್ಲೇ ನೋಡಿಕೊಳ್ಳಬಹುದು. ರೆಟಿನಾ ಪರೀಕ್ಷೆಗೆ ಮಾತ್ರ ವರ್ಷಕ್ಕೊಮ್ಮೆ ಕಣ್ಣಿನ ಆಸ್ಪತ್ರೆ. ಆಶಾ ಕಾರ್ಯಕರ್ತೆಗೂ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗೂ ಯಾರು ಎರಡು ತಿಂಗಳಿಂದ ಮಾತ್ರೆ ಒಯ್ದಿಲ್ಲ ಎಂಬ ಪಟ್ಟಿ ಕೊಟ್ಟರೆ, ಮನೆಗೇ ಹೋಗಿ ಕೇಳಿಬರಬಲ್ಲವರು ಅವರೇ.

ಎಲ್ಲವನ್ನೂ ಒಬ್ಬರೇ ನೋಡುವುದರ ದೊಡ್ಡ ಲಾಭ ಏರಿಳಿತ ಕಾಣುವುದು. ಕ್ರಿಯಾಟಿನಿನ್ 1.1, ಮುಂದಿನ ವರ್ಷ 1.3, ಅದರಾಚೆ 1.6. ಮೂರು ಲ್ಯಾಬಿನ ಮೂರು ಕಾಗದದಲ್ಲಿ ಇದು ‘ಸ್ವಲ್ಪ ಜಾಸ್ತಿ, ಪರವಾಗಿಲ್ಲ’ ಎಂದೇ ಕಾಣುತ್ತದೆ. ಅದನ್ನೇ ಇಜಿಎಫ್‌ಆರ್‌ಗೆ ತಿರುಗಿಸಿ ಒಂದೇ ಹಾಳೆಯಲ್ಲಿ ಬರೆಯಿರಿ: 58 ವರ್ಷದ ಗಂಡಸಿಗೆ ಸುಮಾರು 78, ಆಮೇಲೆ 64, 60 ತುಂಬುವ ಹೊತ್ತಿಗೆ 50ರ ಆಸುಪಾಸು. ವರ್ಷಕ್ಕೆ 5ಕ್ಕಿಂತ ಹೆಚ್ಚು ಇಳಿಯುತ್ತಾ ಹೋದರೆ ಕಿಡ್ನಿ ತಜ್ಞರಿಗೆ ತೋರಿಸಬೇಕು. ಇಲ್ಲಿ ಅದರ ಎರಡು ಮೂರು ಪಟ್ಟು ಇಳಿದಿದೆ. ಇಜಿಎಫ್‌ಆರ್ 30ರ ಕೆಳಗೆ ಹೋದರೆ, ಎಸಿಆರ್ 300 ದಾಟಿದರೆ, ಪೊಟ್ಯಾಸಿಯಂ ಇಳಿಯಲೊಲ್ಲದಿದ್ದರೆ, ಮೂತ್ರದ ಮಾತ್ರೆಯೂ ಸೇರಿ ಮೂರು ಔಷಧಿ ಪೂರ್ತಿ ಪ್ರಮಾಣದಲ್ಲಿ ಕೊಟ್ಟರೂ ಬಿಪಿ ಬಗ್ಗದಿದ್ದರೆ, ಆಗಲೂ ಕಳಿಸಬೇಕು. ಸಾಧ್ಯವಾದಷ್ಟೂ ಒಂದೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದರೆ ಸಂಖ್ಯೆಗಳನ್ನು ಹೋಲಿಸುವುದು ಸುಲಭ.

ಕಳಿಸುವುದು ಎಂದರೆ ‘ಕಿಡ್ನಿ ಡಾಕ್ಟರಿಗೆ ತೋರಿಸಿ’ ಎಂದು ಚೀಟಿಯ ಮೂಲೆಯಲ್ಲಿ ಗೀಚುವುದಲ್ಲ. ಅಂಥ ಚೀಟಿ ಹಿಡಿದು ನೂರು ಕಿಲೋಮೀಟರ್ ಹೋದ ರೋಗಿಗೆ ಮತ್ತೆ ಮೊದಲಿಂದ ಎಲ್ಲ ಪರೀಕ್ಷೆ, ಒಂದು ದಿನದ ಕೂಲಿ ನಷ್ಟ, ಕೊನೆಗೆ ‘ಇದೇ ಮಾತ್ರೆ ಮುಂದುವರಿಸಿ’. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಬೇಕಾಗುವ ರೆಫರಲ್ ಪತ್ರವೂ ಈ ಕೆಲಸ ಮಾಡುವುದಿಲ್ಲ. ಅದು ಹಣದ ದಾರಿಗೆ. ರೋಗದ ಪ್ರಶ್ನೆಗೆ ಬೇರೆಯೇ ಪತ್ರ ಬೇಕು, ಅರ್ಧ ಪುಟ ಸಾಕು. ಹೀಗೆ:

‘ಗಂಡಸು, 60 ವರ್ಷ. ಸಕ್ಕರೆ ಕಾಯಿಲೆ 12 ವರ್ಷ, ಬಿಪಿ 8 ವರ್ಷ, ಹೋದ ವರ್ಷ ಸ್ಟೆಂಟ್. ಎರಡು ವರ್ಷದಲ್ಲಿ ಇಜಿಎಫ್‌ಆರ್ 78, 64, 49. ಎಸಿಆರ್ 420, ಮೂರು ತಿಂಗಳ ಹಿಂದೆ 380. ಪೊಟ್ಯಾಸಿಯಂ 5.1. ಬಿಪಿ 146/84. ಎಚ್‌ಬಿಎ1ಸಿ 7.8. ರೆಟಿನಾದಲ್ಲಿ ಸಕ್ಕರೆ ಕಾಯಿಲೆಯ ಗುರುತಿಲ್ಲ. ಟೆಲ್ಮಿಸಾರ್ಟಾನ್ 40 ಬೆಳಿಗ್ಗೆ, ಮೆಟ್‌ಫಾರ್ಮಿನ್ 500 ಎರಡು ಹೊತ್ತು, ಗ್ಲಿಮೆಪಿರೈಡ್ 1 ಬೆಳಿಗ್ಗೆ, ಅಟೋರ್ವಾಸ್ಟಾಟಿನ್ 40 ರಾತ್ರಿ, ಕ್ಲೋಪಿಡೋಗ್ರೆಲ್ 75 ಮತ್ತು ಆಸ್ಪಿರಿನ್ 75. ಡೈಕ್ಲೋಫೆನಾಕ್ ನಿಲ್ಲಿಸಿ ಒಂದು ತಿಂಗಳು. ಸಲ್ಫಾ ಅಲರ್ಜಿ. ಕೇಳುವುದು: ಕಿಡ್ನಿಗೆ ಬೇರೆ ಕಾರಣ ಇದೆಯೇ? ಈ ಪೊಟ್ಯಾಸಿಯಂನಲ್ಲಿ ಟೆಲ್ಮಿಸಾರ್ಟಾನ್ 80ಕ್ಕೆ ಏರಿಸಬಹುದೇ? ಡಾಪಾಗ್ಲಿಫ್ಲೋಜಿನ್ ಸೇರಿಸಬಹುದೇ? ರಕ್ತ ಪರೀಕ್ಷೆ ಇಲ್ಲೇ ಮಾಡುತ್ತೇವೆ.’ ಕೆಳಗೆ ಸಹಿ, ಫೋನ್ ನಂಬರ್. (ಅಟೋರ್ವಾಸ್ಟಾಟಿನ್ ಕೊಬ್ಬಿನ ಮಾತ್ರೆ, ಡಾಪಾಗ್ಲಿಫ್ಲೋಜಿನ್ ಸಕ್ಕರೆ ಇಳಿಸುವುದರ ಜೊತೆ ಕಿಡ್ನಿಯನ್ನೂ ಕಾಯುವ ಮಾತ್ರೆ.)

ರೆಟಿನಾದ ಮಾತು ಅಲ್ಲಿ ಸುಮ್ಮನೆ ಬಂದದ್ದಲ್ಲ. ಸಕ್ಕರೆಯಿಂದ ಕಿಡ್ನಿ ಕೆಟ್ಟವರಲ್ಲಿ ಬಹುಮಟ್ಟಿಗೆ ಕಣ್ಣಿನಲ್ಲೂ ಗುರುತಿರುತ್ತದೆ. ಕಣ್ಣು ಚೆನ್ನಾಗಿದ್ದು ಮೂತ್ರದಲ್ಲಿ ಪ್ರೋಟೀನ್ ಸುರಿಯುತ್ತಿದ್ದರೆ ತಜ್ಞರು ಬೇರೆ ಕಾರಣ ಹುಡುಕುತ್ತಾರೆ. ಕಣ್ಣಿನ ಆಸ್ಪತ್ರೆಯ ವರದಿ ಕಿಡ್ನಿ ಡಾಕ್ಟರ ಕೈಗೆ ತಲುಪುವುದು ಹೀಗೆ, ಊರಿನ ಡಾಕ್ಟರ ಒಂದು ಸಾಲಿನ ಮೂಲಕ. ಸಂಖ್ಯೆ ಬರೆಯುವಾಗ ಕೊನೆಯದೊಂದೇ ಸಾಲದು, ಹಿಂದಿನವೂ ಬೇಕು. ಔಷಧಿಗಳಿಗೆ ಬ್ರ್ಯಾಂಡ್ ಬಿಟ್ಟು ಜೆನೆರಿಕ್ ಹೆಸರು, ಅಂದರೆ ಒಳಗಿರುವ ಔಷಧಿಯ ಹೆಸರು ಬರೆದರೆ ಎರಡೆರಡು ಸಲ ಬಂದ ಮಾತ್ರೆಗಳು ತಾವಾಗಿಯೇ ಸಿಕ್ಕಿಬೀಳುತ್ತವೆ.

ಪತ್ರ ಹೋಗುತ್ತದೆ, ಉತ್ತರ ಬರುವುದಿಲ್ಲ. ನಮ್ಮ ವ್ಯವಸ್ಥೆ ಹರಿದುಹೋಗಿರುವುದು ಇಲ್ಲೇ ಎನ್ನುವುದು ನನ್ನ ಗಟ್ಟಿ ಅನಿಸಿಕೆ. ತಜ್ಞರ ಉತ್ತರದಲ್ಲಿ ನಾಲ್ಕು ಮಾತು ಇರಲೇಬೇಕು: ಏನು ಕಂಡಿತು, ಯಾವ ಔಷಧಿ ಬದಲಾಯಿತು ಮತ್ತು ಏಕೆ, ಮುಂದಿನ ಪರೀಕ್ಷೆ ಯಾವುದು, ಅದನ್ನು ಯಾರು ಯಾವಾಗ ಮಾಡಬೇಕು. ಕೊನೆಯದು ಬಿಟ್ಟುಹೋದರೆ ಅನಾಹುತ. ಟೆಲ್ಮಿಸಾರ್ಟಾನ್ ಪ್ರಮಾಣ ಏರಿಸಿದ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಬೇಕು. ಊರಿನ ಡಾಕ್ಟರು ತಜ್ಞರು ನೋಡುತ್ತಾರೆ ಅಂದುಕೊಳ್ಳುತ್ತಾರೆ, ತಜ್ಞರು ಊರಲ್ಲಿ ನೋಡುತ್ತಾರೆ ಅಂದುಕೊಳ್ಳುತ್ತಾರೆ. ಇನ್ನೊಂದು ಎಡವಟ್ಟೂ ಉಂಟು: ಮಾತ್ರೆ ಏರಿಸಿದ ಮೇಲೆ ಕ್ರಿಯಾಟಿನಿನ್ 30 ಪ್ರತಿಶತದವರೆಗೆ ಏರಿದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸಬೇಕಿಲ್ಲ. ಅದು ಬರೆದಿಲ್ಲದಿದ್ದರೆ ಊರಿನ ಡಾಕ್ಟರು ಹೆದರಿ, ಕಿಡ್ನಿ ಕಾಯುವ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ.

ಸ್ಟೆಂಟಿನ ಕಾಗದಕ್ಕೂ ಇದೇ ಮಾತು. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಎರಡು ರಕ್ತ ತೆಳುವಾಗಿಸುವ ಮಾತ್ರೆ ಸಾಮಾನ್ಯವಾಗಿ 12 ತಿಂಗಳು, ಆಮೇಲೆ ಒಂದು. ಕ್ಲೋಪಿಡೋಗ್ರೆಲ್ ನಿಲ್ಲಿಸುವ ದಿನವನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಸಿಕೊಳ್ಳಿ. ಬರೆಯದಿದ್ದರೆ ಕೆಲವರು ಐದು ವರ್ಷ ನುಂಗುತ್ತಾರೆ, ಇನ್ನು ಕೆಲವರು ಹಲ್ಲು ಕೀಳಿಸಲು ಹೋಗಿ ಮೂರನೇ ತಿಂಗಳಿಗೇ ಬಿಡುತ್ತಾರೆ. ಎರಡನೆಯದು ಜೀವಕ್ಕೇ ಅಪಾಯ. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಹುದು. ಹೃದಯದ ಡಾಕ್ಟರನ್ನು ಕೇಳದೆ ಯಾರು ಹೇಳಿದರೂ ನಿಲ್ಲಿಸಬಾರದು. ಗ್ಯಾಸ್ಟ್ರಿಕ್‌ಗೆ ಒಮೆಪ್ರಜೋಲ್ ಬೇಡ, ಕ್ಲೋಪಿಡೋಗ್ರೆಲ್‌ನ ಶಕ್ತಿ ಕುಗ್ಗಿಸುತ್ತದೆ, ಪ್ಯಾಂಟೊಪ್ರಜೋಲ್ ಆಗಬಹುದು.

ಕಿಡ್ನಿ ಇಳಿಯುತ್ತಾ ಹೋದಂತೆ ಸಕ್ಕರೆ ಮಾತ್ರೆಯೂ ಬದಲಾಗಬೇಕು. ಇಜಿಎಫ್‌ಆರ್ 45ರ ಕೆಳಗೆ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿಲಿಗ್ರಾಂ ಮೀರಬಾರದು, 30ರ ಕೆಳಗೆ ನಿಲ್ಲಿಸಬೇಕು. ಗ್ಲಿಮೆಪಿರೈಡ್ ಮೈಯಲ್ಲಿ ಹೆಚ್ಚು ಹೊತ್ತು ಉಳಿದು ಸಕ್ಕರೆ ದಿಢೀರನೆ ಇಳಿಸಬಹುದು. ಹೃದಯಕ್ಕೆಂದು ಕೊಟ್ಟ ಮೆಟೊಪ್ರೊಲಾಲ್ ಇದ್ದರೆ ಎದೆ ಹೊಡೆದುಕೊಳ್ಳುವ, ಕೈ ನಡುಗುವ ಎಚ್ಚರಿಕೆಯೂ ಸರಿಯಾಗಿ ಬರುವುದಿಲ್ಲ, ಬೆವರು ಮಾತ್ರ ಬರಬಹುದು. ರಕ್ತದ ಸಕ್ಕರೆ 70ರ ಕೆಳಗಿಳಿದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ವಾಂತಿ ಬೇಧಿಯ ದಿನ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಟೆಲ್ಮಿಸಾರ್ಟಾನ್, ಮೂತ್ರದ ಮಾತ್ರೆಗಳಲ್ಲಿ ಯಾವುದನ್ನು ಬಿಡಬೇಕು, ಎಂದಿನಿಂದ ಮತ್ತೆ ಶುರುಮಾಡಬೇಕು ಎಂಬುದನ್ನು ಡಾಕ್ಟರಿಂದ ಮೊದಲೇ ಬರೆಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ. ಇನ್ಸುಲಿನ್ ಪೂರ್ತಿ ಬಿಡಬಾರದು.

ಮನೆಯವರ ಕೈಯಲ್ಲಿರುವ ಕೆಲಸವೂ ಇದೆ. ಗಟ್ಟಿ ರಟ್ಟಿನ ಒಂದು ಫೈಲು, ಮೊದಲ ಪುಟದಲ್ಲಿ ಔಷಧಿ ಪಟ್ಟಿ: ಜೆನೆರಿಕ್ ಹೆಸರು, ಪ್ರಮಾಣ, ಹೊತ್ತು, ಯಾತಕ್ಕೆ, ಬರೆದವರು ಯಾರು, ಶುರುವಾದ ದಿನ. ಬದಲಾದಾಗ ಹಳೆಯದಕ್ಕೆ ಗೆರೆ ಎಳೆದು ತಾರೀಕು ಹಾಕಿ, ಅಳಿಸಬೇಡಿ. ಎರಡನೇ ಪುಟದಲ್ಲಿ ಪರೀಕ್ಷೆಗಳ ಸಂಖ್ಯೆ, ಸಾಲಿಗೊಂದು ತಾರೀಕು. ಇಸಿಜಿಯ ನುಣುಪು ಕಾಗದ ಒಂದೆರಡು ವರ್ಷದಲ್ಲಿ ಮಾಸಿ ಬಿಳಿಯಾಗಬಹುದು. ಮಾಡಿಸಿದ ದಿನವೇ ಜೆರಾಕ್ಸ್ ತೆಗೆಸಿ, ಫೋನಿನಲ್ಲೂ ಫೋಟೋ ಇರಲಿ. ಅಡ್ಮಿಟ್ ಆಗಿದ್ದ ಆಸ್ಪತ್ರೆಯಿಂದ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನಡಾವಳಿಯ 2002ರ ನಿಯಮವಿದೆ, ಲಿಖಿತವಾಗಿ ಕೇಳಿ. ಸರ್ಕಾರದ ಡಿಜಿಟಲ್ ಆರೋಗ್ಯ ಗುರುತಾದ 14 ಅಂಕಿಯ ಆಭಾ ಸಂಖ್ಯೆ ಇದ್ದರೆ ಒಳ್ಳೆಯದೇ. ಆದರೆ ಎಲ್ಲ ಆಸ್ಪತ್ರೆಗಳೂ ಅದಕ್ಕೆ ವರದಿ ಜೋಡಿಸುವುದಿಲ್ಲವಾದ್ದರಿಂದ ಕಾಗದದ ಫೈಲು ಬಿಡಬೇಡಿ. ಸಣ್ಣ ಪ್ರಶ್ನೆಗೆ ಬಸ್ ಹತ್ತುವ ಮೊದಲು, ಸರ್ಕಾರದ ವಿಡಿಯೋ ಸಲಹೆ ಸೇವೆಯಾದ ಇ-ಸಂಜೀವಿನಿಯಲ್ಲಿ ತಜ್ಞರ ಜೊತೆ ಮಾತಾಡಿಸಲು ಆದೀತೇ ಎಂದು ಆರೋಗ್ಯ ಕೇಂದ್ರದಲ್ಲಿ ಕೇಳಿ.

ದೊಡ್ಡಾಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಒಂದು ವಾರದೊಳಗೆ ಊರಿನ ಡಾಕ್ಟರ ಬಳಿ ಹೋಗಿ. ಡಿಸ್ಚಾರ್ಜ್ ಸಮ್ಮರಿ ಜೊತೆಗೆ ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪುಗಳನ್ನೂ, ಅರ್ಧ ಖಾಲಿಯಾದವನ್ನೂ, ಅದೇ ಕವರಿನಲ್ಲಿ ತುಂಬಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ಒಂದೊಂದನ್ನೇ ಎತ್ತಿ ‘ಇದು ಇರಲಿ, ಇದು ಬೇಡ’ ಎಂದು ಅವರಿಂದ ಬೇರ್ಪಡಿಸಿಕೊಳ್ಳಿ. ಬೇಡವಾದ ಸ್ಟ್ರಿಪ್ಪುಗಳು ಮತ್ತೆ ಮನೆಗೆ ಬರುವುದು ಬೇಡ. ಅಲ್ಲೇ ಬಿಟ್ಟು ಬನ್ನಿ.